15 ಸೆಂ.ಮೀ. ತಾರಸಿಯೊಳಗಿನ ಶಾಖ: ನಾನು ಲೆಕ್ಕ ಹಾಕುವ ಬಗೆ

15 ಸೆಂ.ಮೀ. ದಪ್ಪದ ಆರ್‌ಸಿಸಿ ತಾರಸಿ. ಮೇಲೆ ರಾಯಚೂರು ಕಡೆಯ ಮೇ ತಿಂಗಳ ಬಿಸಿಲು, ಕೆಳಗೆ 32 ಡಿಗ್ರಿಯ ಕೋಣೆ. ಸೀಲಿಂಗ್ ಯಾವ ಹೊತ್ತಿಗೆ ಎಷ್ಟು ಬಿಸಿಯಾಗಿರುತ್ತದೆ, ಮೇಲೆ ಬಿಳಿ ಸುಣ್ಣ ಬಳಿದರೆ ಎಷ್ಟು ಇಳಿಯುತ್ತದೆ ಎನ್ನುವುದು ಪ್ರಶ್ನೆ. ಅವಕಲ ಸಮೀಕರಣಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವುದನ್ನು ಯಾರಿಗಾದರೂ ತೋರಿಸಬೇಕಾದರೆ ನಾನು ಇದನ್ನೇ ಎತ್ತಿಕೊಳ್ಳುತ್ತೇನೆ. ಸಮೀಕರಣ ಸರಳ, ಆದರೆ ಎಡವಲು ಬೇಕಾದಷ್ಟು ಜಾಗವಿದೆ. ಆ ಜಾಗಗಳಲ್ಲಿ ಹೆಚ್ಚಿನವು ಸ್ಲ್ಯಾಬಿನ ನಡುವೆ ಇಲ್ಲ, ಎರಡು ಅಂಚುಗಳಲ್ಲಿವೆ.

ಮೊದಲು ಸಾಮಗ್ರಿಯ ಅಂಕಿಗಳು. ಕಾಂಕ್ರೀಟಿನ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ 1.7 ವ್ಯಾಟ್, ಸಾಂದ್ರತೆ ಘನ ಮೀಟರಿಗೆ 2400 ಕೆ.ಜಿ., ವಿಶಿಷ್ಟೋಷ್ಣ ಕೆ.ಜಿ.-ಕೆಲ್ವಿನ್‌ಗೆ 900 ಜೂಲ್ ಎಂದು ಹಿಡಿಯುತ್ತೇನೆ. ವಾಹಕತೆಯನ್ನು ಉಳಿದೆರಡರ ಗುಣಲಬ್ಧದಿಂದ ಭಾಗಿಸಿದರೆ ಬರುವ ಆಲ್ಫಾ (ಶಾಖ ಎಷ್ಟು ಬೇಗ ಹರಡುತ್ತದೆ ಎಂಬುದರ ಅಳತೆ) ಸೆಕೆಂಡಿಗೆ 7.87 × 10⁻⁷ ಚದರ ಮೀಟರ್. ಹೊರಮೈಯಲ್ಲಿ ಗಾಳಿ ಮತ್ತು ವಿಕಿರಣ ಎರಡೂ ಸೇರಿದ ಶಾಖ ವರ್ಗಾವಣೆ ಗುಣಾಂಕ ಚದರ ಮೀಟರ್-ಕೆಲ್ವಿನ್‌ಗೆ 20 ವ್ಯಾಟ್, ಒಳಮೈಯಲ್ಲಿ 6. ಸೀಲಿಂಗಿನಿಂದ ಶಾಖ ಕೆಳಮುಖವಾಗಿ ಇಳಿಯುವಾಗ ಬಿಸಿ ಗಾಳಿ ಅಲ್ಲೇ ಅಂಟಿಕೊಂಡಿರುತ್ತದೆ, ಆದ್ದರಿಂದ ಒಳಗಿನ ಅಂಕಿ ಅಷ್ಟು ಚಿಕ್ಕದು.

ಬಿಸಿಲು ಮತ್ತು ಗಾಳಿಯನ್ನು ಬೇರೆ ಬೇರೆ ತೂರಿಸುವ ಬದಲು ಎರಡನ್ನೂ ಸೇರಿಸಿ ಸೋಲ್-ಏರ್ ಉಷ್ಣಾಂಶ ಎಂಬ ಒಂದೇ ಸಂಖ್ಯೆ ಮಾಡಿಕೊಳ್ಳುವುದು ಅನುಕೂಲ. ಗಾಳಿಯ ಉಷ್ಣಾಂಶಕ್ಕೆ, ಬಿಸಿಲನ್ನು ಹೀರಿಕೆಯ ಪ್ರಮಾಣದಿಂದ ಗುಣಿಸಿ 20ರಿಂದ ಭಾಗಿಸಿದ್ದನ್ನು ಕೂಡಿಸಬೇಕು. ಸಮತಲ ತಾರಸಿ ಆಕಾಶಕ್ಕೆ ಕಳೆದುಕೊಳ್ಳುವ ವಿಕಿರಣದ ಲೆಕ್ಕಕ್ಕೆ ಸುಮಾರು 4 ಡಿಗ್ರಿ ಕಳೆಯಬೇಕು. ಗಾಳಿ ಮಧ್ಯಾಹ್ನ 3ಕ್ಕೆ 41, ಬೆಳಗಿನ ಜಾವ 3ಕ್ಕೆ 27 ಡಿಗ್ರಿ ಇರುವ ಕೊಸೈನ್ ಅಲೆ. ಬಿಸಿಲು 6ರಿಂದ 18 ಗಂಟೆವರೆಗೆ ಅರ್ಧ ಸೈನ್ ಅಲೆ, ನಡುನೆತ್ತಿಯಲ್ಲಿ ಚದರ ಮೀಟರಿಗೆ 950 ವ್ಯಾಟ್. ಮಾಸಿದ ಸಿಮೆಂಟ್ ಮೈಯ ಹೀರಿಕೆ 0.7 ಎಂದುಕೊಂಡರೆ 12 ಗಂಟೆಗೆ ಸೋಲ್-ಏರ್ ಸುಮಾರು 68 ಡಿಗ್ರಿ. ಹೊಸದಾಗಿ ಸುಣ್ಣ ಬಳಿದ ಮೈಗೆ 0.3 ಹಿಡಿದರೆ ಅದೇ ಹೊತ್ತಿಗೆ 49.

ಈಗ ಗ್ರಿಡ್. 1 ಸೆಂ.ಮೀ. ಅಂತರದಲ್ಲಿ 15 ತುಂಡು, 16 ಬಿಂದು. ಆಲ್ಫಾವನ್ನು ಕಾಲದ ಹೆಜ್ಜೆಯಿಂದ ಗುಣಿಸಿ ಅಂತರದ ವರ್ಗದಿಂದ ಭಾಗಿಸಿದ್ದು ಫೋರಿಯರ್ ಸಂಖ್ಯೆ. ಕೋಡಿನಲ್ಲಿ ಅದಕ್ಕೆ ‘ಫೋ’ ಎನ್ನೋಣ. ತಾ(ನ) ಎಂದರೆ ನ-ನೇ ಬಿಂದುವಿನ ಉಷ್ಣಾಂಶ. ನಡುವಿನ ಬಿಂದುಗಳಿಗೆ:

ಹೊಸ ತಾ(ನ) = ತಾ(ನ) + ಫೋ × [ತಾ(ನ−1) − 2 ತಾ(ನ) + ತಾ(ನ+1)]

ಇಷ್ಟೇ. ಇದನ್ನು ಬರೆಯುವಾಗ ಯಾರೂ ತಪ್ಪುವುದಿಲ್ಲ. ಮೇಲಿನ ಅಂಚಿಗೆ ಬಂದಾಗ ಬಿಂದು 0 ಮೈಯ ಮೇಲೇ ಕುಳಿತಿರುತ್ತದೆ, ಅದರ ಪಾಲಿಗೆ ಬರುವ ಕಾಂಕ್ರೀಟು ಅರ್ಧ ಸೆಂ.ಮೀ. ಮಾತ್ರ. ಅದಕ್ಕೇ ಕೆಳಗಿನ ಸೂತ್ರದಲ್ಲಿ ಎರಡು ಕಡೆ 2 ಕಾಣಿಸಿಕೊಳ್ಳುತ್ತದೆ. ‘ಬಿ’ ಎಂದರೆ ಬಿಯೋ ಸಂಖ್ಯೆ: 20 × 0.01 / 1.7, ಅಂದರೆ 0.118. ‘ಹೊರ’ ಎಂದರೆ ಆ ಹೊತ್ತಿನ ಸೋಲ್-ಏರ್ ಉಷ್ಣಾಂಶ.

ಹೊಸ ತಾ(0) = ತಾ(0) + 2 ಫೋ × [ತಾ(1) − ತಾ(0)] + 2 ಫೋ × ಬಿ × [ಹೊರ − ತಾ(0)]

ಆ 2 ಬಿಟ್ಟುಹೋದ ಕೋಡು ಚೆನ್ನಾಗಿಯೇ ಓಡುತ್ತದೆ, ಗ್ರಾಫ್ ನುಣುಪಾಗಿಯೇ ಬರುತ್ತದೆ, ಶಕ್ತಿಯ ಜಮಾ-ಖರ್ಚೂ ತಾಳೆಯಾಗುತ್ತದೆ. ಆದರೆ ಎರಡೂ ಅಂಚಿನ ಬಿಂದುಗಳಿಗೆ ಪೂರ್ತಿ ಒಂದೊಂದು ಸೆಂ.ಮೀ. ಕೊಟ್ಟಂತಾಗಿ, ನೀವು ಬಿಡಿಸುತ್ತಿರುವುದು 16 ಸೆಂ.ಮೀ. ತಾರಸಿ. ಇದನ್ನು ಹಿಡಿಯಲು ಒಂದೇ ಸಾಲು ಸಾಕು: ಎಲ್ಲ ಬಿಂದುಗಳ ಶಾಖಧಾರಣೆಯನ್ನು ಕೂಡಿಸಿ ಮುದ್ರಿಸಿ. ಚದರ ಮೀಟರ್-ಕೆಲ್ವಿನ್‌ಗೆ 2400 × 900 × 0.15 = 3,24,000 ಜೂಲ್ ಬರಬೇಕು. 3,45,600 ಬಂದರೆ ಅಂಚನ್ನು ನೋಡಿ.

ಹೆಜ್ಜೆ ಎಷ್ಟು ಉದ್ದ ಇಡಬಹುದು? ನಡುವಿನ ಬಿಂದುಗಳಿಗೆ ಫೋ 0.5 ದಾಟಬಾರದು, ಅಂದರೆ 63 ಸೆಕೆಂಡ್. 70 ಸೆಕೆಂಡ್ ಕೊಟ್ಟು ನೋಡಿದರೆ ಏನಾಗುತ್ತದೆ ಎನ್ನುವುದನ್ನು ಒಮ್ಮೆ ಕಣ್ಣಾರೆ ಕಾಣುವುದು ಒಳ್ಳೆಯದು. ಪಕ್ಕಪಕ್ಕದ ಬಿಂದುಗಳಲ್ಲಿ ಮೇಲೆ-ಕೆಳಗೆ, ಮೇಲೆ-ಕೆಳಗೆ ಎಂಬ ಗರಗಸದ ಹಲ್ಲಿನ ಏರಿಳಿತ ಪ್ರತಿ ಹೆಜ್ಜೆಗೂ ಸುಮಾರು 1.2 ಪಟ್ಟು ಬೆಳೆಯುತ್ತದೆ, ಚಿಹ್ನೆಯನ್ನೂ ಬದಲಿಸುತ್ತದೆ. 10⁻¹⁴ರಷ್ಟಿದ್ದ ರೌಂಡಿಂಗ್ ದೋಷ 200 ಹೆಜ್ಜೆಗಳಲ್ಲಿ ನೂರು ಡಿಗ್ರಿ ದಾಟುತ್ತದೆ. ಮೊದಲ ಎರಡು ಗಂಟೆಯ ಗ್ರಾಫ್ ಎಷ್ಟೋ ಸಲ ಸರಿಯಾಗಿಯೇ ಕಾಣುತ್ತದೆ, ಮೂರ್ನಾಲ್ಕು ಗಂಟೆಯಲ್ಲಿ ಎಲ್ಲ ಚೆಲ್ಲಾಪಿಲ್ಲಿ. ಸ್ವಲ್ಪ ಹೊತ್ತು ಓಡಿಸಿ ‘ಸರಿ ಇದೆ’ ಎನ್ನುವುದು ಅದಕ್ಕೇ ಅಪಾಯ.

ಅಂಚಿಗೆ ಮಿತಿ ಬೇರೆ. ಫೋ × (1 + ಬಿ) ಅರ್ಧ ದಾಟಬಾರದು ಎಂಬ ಪಠ್ಯಪುಸ್ತಕದ ನಿಯಮ ಇಲ್ಲಿ 57 ಸೆಕೆಂಡ್ ಕೊಡುತ್ತದೆ. ಇದು ಎಚ್ಚರಿಕೆಯ ನಿಯಮ. 60 ಸೆಕೆಂಡ್ ಕೊಟ್ಟರೂ ಕಾಂಕ್ರೀಟ್ ತಾರಸಿಯ ಲೆಕ್ಕ ಸಿಡಿಯುವುದಿಲ್ಲ. ಆದರೆ ಹೊರಮೈ ಥರ್ಮಾಕೋಲ್ ಆದರೆ ಚಿತ್ರವೇ ಬೇರೆ. ಅದರ ವಾಹಕತೆ 0.035, ಆಲ್ಫಾ ಸುಮಾರು 1.25 × 10⁻⁶, ಬಿಯೋ ಸಂಖ್ಯೆ 5.7. ನಡುವಿನ ಬಿಂದುಗಳು 40 ಸೆಕೆಂಡ್ ತಡೆದುಕೊಳ್ಳುತ್ತವೆ, ಅಂಚಿನ ಬಿಂದು 12 ಸೆಕೆಂಡಿಗೇ ಕೈಬಿಡುತ್ತದೆ. ಎಚ್ಚರಿಕೆಯ ನಿಯಮದ ಪ್ರಕಾರವಂತೂ 6. ನಡುವಿನ ಸೂತ್ರವನ್ನಷ್ಟೇ ನೋಡಿ ಹೆಜ್ಜೆ ಆರಿಸಿದವರಿಗೆ ಇದು ಗೊತ್ತೇ ಆಗುವುದಿಲ್ಲ.

ಪದರಗಳು ಸೇರುವ ಕಡೆ ಇನ್ನೊಂದು ಗುಂಡಿ. ಕಾಂಕ್ರೀಟಿನ ಕೋಶಕ್ಕೂ ಥರ್ಮಾಕೋಲಿನ ಕೋಶಕ್ಕೂ ನಡುವೆ ಯಾವ ವಾಹಕತೆ ಹಾಕಬೇಕು? ಕೂಡಿಸಿ ಎರಡರಿಂದ ಭಾಗಿಸಿದರೆ 0.87. ಆದರೆ ಶಾಖ ಎರಡನ್ನೂ ಸಾಲಾಗಿ ದಾಟಬೇಕು, ರೋಧಗಳು ಕೂಡುತ್ತವೆ. ಆದ್ದರಿಂದ ಹಾರ್ಮೋನಿಕ್ ಸರಾಸರಿ, ಅದು 0.069. ಹನ್ನೆರಡು ಪಟ್ಟಿಗೂ ಹೆಚ್ಚು ವ್ಯತ್ಯಾಸ. ಸಾಮಾನ್ಯ ಸರಾಸರಿ ಹಾಕಿದರೆ, ತೆಳುವಾದ ಥರ್ಮಾಕೋಲ್ ಪದರವನ್ನು ಒಂದೆರಡು ಕೋಶಗಳಲ್ಲೇ ಹಿಡಿದಿಟ್ಟಿದ್ದಾಗ, ನಿರೋಧನವೇ ಮಾಯವಾಗುತ್ತದೆ.

ಮೇಲಿನ ಸೂತ್ರಗಳಂತೆ ಹಳೆಯ ಹೊತ್ತಿನ ಬೆಲೆಗಳಿಂದಲೇ ಹೊಸದನ್ನು ಕಂಡುಕೊಳ್ಳುವ ಎಕ್ಸ್‌ಪ್ಲಿಸಿಟ್ ವಿಧಾನದ ನಿಜವಾದ ತೊಂದರೆ ಗ್ರಿಡ್ ಸಣ್ಣದಾದಾಗ ಗೊತ್ತಾಗುತ್ತದೆ. 1 ಮಿ.ಮೀ. ಅಂತರಕ್ಕೆ ಮಿತಿ 0.63 ಸೆಕೆಂಡ್. ಬಿಸಿಲು ಬದಲಾಗುವುದು ಗಂಟೆಗಳ ಲೆಕ್ಕದಲ್ಲಿ, ನಾವು ಅರ್ಧ ಸೆಕೆಂಡಿನ ಹೆಜ್ಜೆ ಇಡುತ್ತಾ ಕೂರಬೇಕು. ನಿಖರತೆಗೆ ಬೇಡದ ಹೆಜ್ಜೆಯನ್ನು ಸ್ಥಿರತೆಗಾಗಿ ಇಡಬೇಕಾದ ಇಂಥ ಸಮೀಕರಣಗಳನ್ನೇ ಸ್ಟಿಫ್ ಎನ್ನುವುದು. ಒಂದು ಹೆಜ್ಜೆಯೊಳಗೇ ಹಲವು ಸಲ ಲೆಕ್ಕ ಹಾಕುವ ರುಂಗೆ-ಕುಟ್ಟಾ ವಿಧಾನ ಹಾಕಿದರೂ ಬಿಡುಗಡೆಯಿಲ್ಲ: ಪೈಥಾನ್‌ನ ಗಣಿತ ಸಂಗ್ರಹವಾದ ಸೈಪೈನ ಆರ್‌ಕೆ45 1 ಸೆಂ.ಮೀ. ಗ್ರಿಡ್‌ನಲ್ಲಿ ಸುಮಾರು 105 ಸೆಕೆಂಡ್, 1 ಮಿ.ಮೀ. ಗ್ರಿಡ್‌ನಲ್ಲಿ 1 ಸೆಕೆಂಡ್‌ಗಿಂತ ಉದ್ದದ ಹೆಜ್ಜೆಯನ್ನು ಉಳಿಸಿಕೊಳ್ಳಲಾರದು. ಅದು ಸಿಡಿಯುವುದಿಲ್ಲ, ತಾನೇ ಹೆಜ್ಜೆ ಕುಗ್ಗಿಸಿಕೊಂಡು ತೆವಳುತ್ತದೆ. ‘ಯಾಕೆ ಇಷ್ಟು ನಿಧಾನ’ ಎಂಬ ಪ್ರಶ್ನೆಗೆ ಹೆಚ್ಚಿನ ಸಲ ಉತ್ತರ ಇದೇ.

ನಾನು ಕೊನೆಗೆ ನಿಲ್ಲುವುದು ಕ್ರ್ಯಾಂಕ್-ನಿಕಲ್ಸನ್ ವಿಧಾನದಲ್ಲಿ. 1947ರಲ್ಲಿ ಜಾನ್ ಕ್ರ್ಯಾಂಕ್ ಮತ್ತು ಫಿಲಿಸ್ ನಿಕಲ್ಸನ್ ಕೊಟ್ಟದ್ದು. ಅದಕ್ಕೂ ಹಿಂದೆ, 1910ರಲ್ಲಿ ರಿಚರ್ಡ್ಸನ್, ಕಾಲದ ದಿಕ್ಕಿನಲ್ಲೂ ಮಧ್ಯ ವ್ಯತ್ಯಾಸ (ಹಿಂದಿನ ಮತ್ತು ಮುಂದಿನ ಬೆಲೆಗಳ ವ್ಯತ್ಯಾಸ) ತೆಗೆದುಕೊಳ್ಳುವ ಸೂತ್ರ ಮುಂದಿಟ್ಟಿದ್ದರು. ಕಾಗದದ ಮೇಲೆ ಎರಡನೇ ದರ್ಜೆಯ ನಿಖರತೆ (ಹೆಜ್ಜೆ ಅರ್ಧ ಮಾಡಿದರೆ ದೋಷ ಕಾಲುಭಾಗಕ್ಕೆ ಇಳಿಯುವಂಥದು), ಆದರೆ ಹೆಜ್ಜೆ ಎಷ್ಟು ಚಿಕ್ಕದಿದ್ದರೂ ಅಸ್ಥಿರ. ಈಗಲೂ ‘ಮಧ್ಯ ವ್ಯತ್ಯಾಸ ಅಲ್ಲವೇ, ಉತ್ತಮವೇ ಇರಬೇಕು’ ಎಂದು ಅದನ್ನು ಹೊಸದಾಗಿ ಕಂಡುಹಿಡಿಯುವವರಿದ್ದಾರೆ.

ಕ್ರ್ಯಾಂಕ್-ನಿಕಲ್ಸನ್‌ನಲ್ಲಿ ಹಳೆಯ ಹೊತ್ತು ಮತ್ತು ಹೊಸ ಹೊತ್ತುಗಳ ಸರಾಸರಿ ತೆಗೆದುಕೊಳ್ಳುತ್ತೇವೆ. ಪ್ರತಿ ಹೆಜ್ಜೆಗೂ ಮೂರು ಕರ್ಣಗಳ ಮ್ಯಾಟ್ರಿಕ್ಸ್ ಬಿಡಿಸಬೇಕು. ಥಾಮಸ್ ಅಲ್ಗಾರಿದಂ ಹತ್ತು ಸಾಲಿನ ಕೋಡು, ಬರೆಯಲು ಬೇಸರವಿದ್ದರೆ ಸೈಪೈನ ಸಾಲ್ವ್-ಬ್ಯಾಂಡೆಡ್ ಇದೆ. ಮೇಲಿನ ಅಂಚಿನ ಸಾಲು ಹೀಗೆ:

[1 + ಫೋ(1+ಬಿ)] ಹೊಸ ತಾ(0) − ಫೋ × ಹೊಸ ತಾ(1) = [1 − ಫೋ(1+ಬಿ)] ತಾ(0) + ಫೋ × ತಾ(1) + ಫೋ × ಬಿ × (ಹೊರ + ಹೊಸ ಹೊರ)

ಕೊನೆಯ ಆವರಣದಲ್ಲಿ ಹೊರಗಿನ ಉಷ್ಣಾಂಶ ಎರಡೂ ಹೊತ್ತಿನದು ಇರಬೇಕು. ಹಳೆಯದನ್ನೇ ಎರಡು ಸಲ ಹಾಕಿದರೆ ಲೆಕ್ಕ ನಡೆಯುತ್ತದೆ, ಆದರೆ ಕಾಲದ ನಿಖರತೆ ಮೊದಲ ದರ್ಜೆಗೆ ಬೀಳುತ್ತದೆ.

ಹೆಜ್ಜೆ 300 ಸೆಕೆಂಡ್ ಇಟ್ಟರೆ ದಿನಕ್ಕೆ 288. ಬೆಳಗಿನ 6 ಮತ್ತು ಸಂಜೆಯ 6, ಅಂದರೆ ಬಿಸಿಲಿನ ಅಲೆ ಮುರಿಯುವ ಕ್ಷಣಗಳು, ಸರಿಯಾಗಿ ಹೆಜ್ಜೆಯ ಮೇಲೇ ಬೀಳುತ್ತವೆ. ಕ್ರ್ಯಾಂಕ್-ನಿಕಲ್ಸನ್ ಎಂದೂ ಸಿಡಿಯುವುದಿಲ್ಲ ಎಂದು ಅರ್ಧ ಗಂಟೆಯ ಹೆಜ್ಜೆ ಕೊಡುವುದು ಬೇಡ. 300 ಸೆಕೆಂಡಿಗೆ ಗರಗಸದ ಏರಿಳಿತ ಪ್ರತಿ ಹೆಜ್ಜೆಗೂ 0.65 ಪಾಲಿಗೆ ಇಳಿದು ಬೇಗ ಸಾಯುತ್ತದೆ. 1800 ಸೆಕೆಂಡಿಗೆ ಆ ಅಂಕಿ 0.93, ಏರಿಳಿತ ಅರ್ಧಕ್ಕೆ ಇಳಿಯಲೇ ಐದು ಗಂಟೆ ಬೇಕು. 30 ಡಿಗ್ರಿಯ ಸ್ಲ್ಯಾಬನ್ನು ಮಟಮಟ ಮಧ್ಯಾಹ್ನದ ಬಿಸಿಲಿಗೆ ತಟಕ್ಕನೆ ಒಡ್ಡಿದಂತೆ ಲೆಕ್ಕ ಶುರುವಾದರೆ ಇದು ಚೆನ್ನಾಗಿ ಕಾಣುತ್ತದೆ. ಪರಿಹಾರ: ಮೊದಲ ಎರಡು ಹೆಜ್ಜೆಗಳನ್ನು ನಾಲ್ಕು ಅರ್ಧ ಹೆಜ್ಜೆಗಳಾಗಿ ಒಡೆದು ಹೊಸ ಹೊತ್ತಿನ ಬೆಲೆಗಳನ್ನಷ್ಟೇ ಬಳಸುವ ಬ್ಯಾಕ್‌ವರ್ಡ್ ಆಯ್ಲರ್‌ನಿಂದ ದಾಟಿ, ಆಮೇಲೆ ಕ್ರ್ಯಾಂಕ್-ನಿಕಲ್ಸನ್‌ಗೆ ಬನ್ನಿ. ರಾನಾಕರ್ 1984ರಲ್ಲಿ ತೋರಿಸಿದ ಉಪಾಯ ಇದು, ಒಟ್ಟು ನಿಖರತೆ ಕೆಡುವುದಿಲ್ಲ.

ಸಿದ್ಧ ಸಾಲ್ವರ್ ಬಳಸುವವರು ಸೈಪೈನ ಸಾಲ್ವ್-ಐವಿಪಿಯಲ್ಲಿ ಸ್ಟಿಫ್ ಸಮೀಕರಣಗಳಿಗೆಂದೇ ಇರುವ ಬಿಡಿಎಫ್ ಅಥವಾ ರಾಡೌ ವಿಧಾನ ಆರಿಸಿ, ಜಕೋಬಿಯನ್‌ನ (ಯಾವ ಬಿಂದು ಯಾವುದನ್ನು ಅವಲಂಬಿಸಿದೆ ಎಂದು ಹೇಳುವ ಮ್ಯಾಟ್ರಿಕ್ಸಿನ) ಮೂರು ಕರ್ಣಗಳ ವಿನ್ಯಾಸವನ್ನು ತಿಳಿಸಿ. ಸಾಪೇಕ್ಷ ದೋಷದ ಡೀಫಾಲ್ಟ್ 10⁻³ ಇರುತ್ತದೆ. ಸೆಲ್ಸಿಯಸ್‌ನಲ್ಲಿ 40 ಡಿಗ್ರಿಗೆ ಅದು 0.04, ಅದೇ ಲೆಕ್ಕವನ್ನು ಕೆಲ್ವಿನ್‌ನಲ್ಲಿ ಬರೆದರೆ 313ಕ್ಕೆ 0.3. ಏಕಮಾನ ಬದಲಿಸಿದ್ದಕ್ಕೇ ಉತ್ತರ ಕದಲುವುದು ಇದರಿಂದ. 10⁻⁶ ಕೊಟ್ಟುಬಿಡಿ. ಹೆಜ್ಜೆಯ ಗರಿಷ್ಠ ಮಿತಿಯನ್ನೂ 1800 ಸೆಕೆಂಡಿಗೆ ಕಟ್ಟಿ. ಇಲ್ಲದಿದ್ದರೆ ರಾತ್ರಿಯ ಶಾಂತ ಹೊತ್ತಿನಲ್ಲಿ ಸಾಲ್ವರ್ ದೊಡ್ಡ ಹೆಜ್ಜೆ ಹಾಕಿ ಸೂರ್ಯೋದಯದ ಮುರಿತಕ್ಕೆ ಢಿಕ್ಕಿ ಹೊಡೆದು ಹಿಂದೆ ಮುಂದೆ ಆಡುತ್ತದೆ.

ಪರೀಕ್ಷೆಗಳಲ್ಲಿ ಮೊದಲನೆಯದು ಎಲ್ಲರೂ ಮಾಡುವಂಥದು: ಎರಡೂ ಮೈಗಳನ್ನು 0 ಡಿಗ್ರಿಗೆ ಕಟ್ಟಿ, ಒಳಗೆ ಅರ್ಧ ಸೈನ್ ಅಲೆ ತುಂಬಿ ಬಿಟ್ಟರೆ ನಡುವಿನ ಉಷ್ಣಾಂಶ 2897 ಸೆಕೆಂಡಿನಲ್ಲಿ 36.8 ಶೇಕಡಾಕ್ಕೆ ಇಳಿಯಬೇಕು. ಇದು ಅಂಚಿನ ಸೂತ್ರವನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಇದರಲ್ಲಿ ಪಾಸಾದರೆ ಸಂತೋಷ ಪಡುವಂಥದ್ದೇನಿಲ್ಲ.

ನನಗೆ ಹೆಚ್ಚು ನಂಬಿಕೆ ಇರುವುದು ದಿನದ ಸರಾಸರಿಯ ಮೇಲೆ. ಸಮೀಕರಣ ಲೀನಿಯರ್, ಆದ್ದರಿಂದ ಲೆಕ್ಕ ದಿನದಿಂದ ದಿನಕ್ಕೆ ಮರುಕಳಿಸುವ ಸ್ಥಿತಿಗೆ ಬಂದ ಮೇಲೆ, ದಿನದ ಸರಾಸರಿ ಉಷ್ಣಾಂಶಗಳು ಸ್ಥಿರ ಶಾಖ ಹರಿವಿನ ಕೈಲೆಕ್ಕಕ್ಕೆ ಹೊಂದಲೇಬೇಕು. ಸೋಲ್-ಏರ್‌ನ ಸರಾಸರಿ 40.6 ಡಿಗ್ರಿ. ಒಟ್ಟು ರೋಧ 1/20 + 0.15/1.7 + 1/6 = 0.305. ಸರಾಸರಿ ಹರಿವು ಚದರ ಮೀಟರಿಗೆ 28.2 ವ್ಯಾಟ್, ಸೀಲಿಂಗಿನ ಸರಾಸರಿ 36.7 ಡಿಗ್ರಿ. ಕೋಡಿಗೆ ನೀವು ಕೊಟ್ಟ 288 ಸೋಲ್-ಏರ್ ಬೆಲೆಗಳದೇ ಸರಾಸರಿ ಹಿಡಿದರೆ ಈ ಹೊಂದಿಕೆ ದಶಮಾಂಶದ ಹತ್ತನೇ ಸ್ಥಾನದವರೆಗೂ ಬರುತ್ತದೆ. ಗ್ರಿಡ್ ಒರಟಾಗಿದ್ದರೂ ಬರುತ್ತದೆ, ಏಕೆಂದರೆ ಸ್ಥಿರ ಸ್ಥಿತಿಯ ಸರಳ ರೇಖೆಯನ್ನು ಈ ಸೂತ್ರ ದೋಷವಿಲ್ಲದೆ ಹಿಡಿಯುತ್ತದೆ. ಮೂರನೇ ಸ್ಥಾನದಲ್ಲೇ ತಪ್ಪಿದರೆ ಗುಣಾಂಕ ಎಲ್ಲೋ ಅದಲುಬದಲಾಗಿದೆ, ಇಲ್ಲವೇ ಒಳ ಅಂಚಿನಲ್ಲಿ ಚಿಹ್ನೆ ತಿರುಗಿದೆ. ಈ ಪರೀಕ್ಷೆಗೆ ಹತ್ತು ದಿನ ಓಡಿಸಿ. ಈ ತಾರಸಿ ಆರಂಭದ ಸ್ಥಿತಿಯನ್ನು ಮರೆಯುವ ಕಾಲಮಾನ ಸುಮಾರು 4.6 ಗಂಟೆ, ದಿನಕ್ಕೆ 180 ಪಟ್ಟು ಮರೆಯುತ್ತದೆ. ಗ್ರಾಫ್ ತೆಗೆಯಲು ಮೂರು ದಿನ ಬಿಟ್ಟು ನಾಲ್ಕನೆಯದು ಸಾಕು.

ಸರಾಸರಿ ಪರೀಕ್ಷೆ ಶಾಖಧಾರಣೆಯ ತಪ್ಪನ್ನು ಕಾಣಲಾರದು, ಅದಕ್ಕೆ ಹಿಂದೆ ಹೇಳಿದ 3,24,000 ಇದೆ. ಅಂಚಿನ ಸೂತ್ರದ ದರ್ಜೆ ತಿಳಿಯಲು ಮೂರನೆಯದು: 15, 30, 60 ತುಂಡುಗಳಲ್ಲಿ, ಕಾಲದ ಹೆಜ್ಜೆಯನ್ನೂ ಜೊತೆಗೆ ಅರ್ಧರ್ಧ ಮಾಡುತ್ತಾ, ಒಂದು ನಿಗದಿತ ಹೊತ್ತಿನ ಸೀಲಿಂಗ್ ಉಷ್ಣಾಂಶ ಬರೆದುಕೊಳ್ಳಿ. ಮೊದಲೆರಡರ ವ್ಯತ್ಯಾಸವನ್ನು ಕೊನೆಯೆರಡರ ವ್ಯತ್ಯಾಸದಿಂದ ಭಾಗಿಸಿದರೆ 4ರ ಆಸುಪಾಸು ಬರಬೇಕು. 2 ಬಂದರೆ ಎಲ್ಲೋ ಒಂದೇ ಬದಿಯ ಬಿಂದುಗಳಿಂದ ತೆಗೆದ ವ್ಯತ್ಯಾಸ ನುಸುಳಿದೆ, ಬಹುಪಾಲು ಅಂಚಿನಲ್ಲೇ.

ಇಷ್ಟಾದ ಮೇಲೆ ಉತ್ತರ. ಮಾಸಿದ ಸಿಮೆಂಟ್ ಮೈಗೆ ಸೀಲಿಂಗ್ ಸಂಜೆ ನಾಲ್ಕೂವರೆ ಆಸುಪಾಸು ಸುಮಾರು 45 ಡಿಗ್ರಿ ಮುಟ್ಟುತ್ತದೆ. ಸುಣ್ಣ ಬಳಿದದ್ದಕ್ಕೆ 38, ಅದೂ ಸಂಜೆ ಐದರ ಹೊತ್ತಿಗೆ. ದಿನದ ಅಲೆ ಕಾಂಕ್ರೀಟಿನೊಳಗೆ ಇಳಿಯುವ ಆಳವೇ ಸುಮಾರು 14.7 ಸೆಂ.ಮೀ., ಹೆಚ್ಚುಕಡಿಮೆ ತಾರಸಿಯ ದಪ್ಪದಷ್ಟೇ. ಹಾಗಾಗಿ ಇನ್ನೆರಡು ಸೆಂ.ಮೀ. ಕಾಂಕ್ರೀಟ್ ಹಾಕುವುದಕ್ಕಿಂತ ಮೇಲ್ಮೈಯ ಬಣ್ಣ ಹೆಚ್ಚು ಕೆಲಸ ಮಾಡುತ್ತದೆ.

ಅಳತೆಯ ಜೊತೆ ಹೋಲಿಸುವವರು ಗಡಿಯಾರವನ್ನು ಸರಿಪಡಿಸಿಕೊಳ್ಳಬೇಕು. ಭಾರತೀಯ ಕಾಲಮಾನ 82.5 ಡಿಗ್ರಿ ರೇಖಾಂಶದ್ದು, ರಾಯಚೂರು ಇರುವುದು 77.35ರ ಹತ್ತಿರ, ಒಂದು ಡಿಗ್ರಿಗೆ 4 ನಿಮಿಷದಂತೆ ಅಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ 12ಕ್ಕಿಂತ ಸುಮಾರು 20 ನಿಮಿಷ ತಡವಾಗಿ. ಮೇಲಿನ ಬಿಸಿಲಿನ ಸೂತ್ರ ಸೌರ ಸಮಯದಲ್ಲಿದೆ, ಸೀಲಿಂಗಿಗೆ ಅಂಟಿಸಿದ ಸೆನ್ಸರ್ ಬರೆಯುವುದು ಗಡಿಯಾರದ ಸಮಯವನ್ನು. ಆ 20 ನಿಮಿಷವನ್ನು ಸೇರಿಸದೆ, ಗರಿಷ್ಠದ ಹೊತ್ತು ಹೊಂದುತ್ತಿಲ್ಲವೆಂದು ಕಾಂಕ್ರೀಟಿನ ವಾಹಕತೆಯನ್ನು ತಿದ್ದಲು ಹೋಗಬೇಡಿ.