ಶಿಕ್ಷೆಯ ಪ್ರಮಾಣದ ಮೇಲೆ ವಾದ ಮಂಡಿಸುವ ಬಗೆ

ಆರೋಪ ಸಾಬೀತಾದ ಮೇಲೆ ನ್ಯಾಯಾಧೀಶರು "ಶಿಕ್ಷೆಯ ಬಗ್ಗೆ ಏನಾದರೂ ಹೇಳುವುದಿದೆಯೇ?" ಎಂದು ಕೇಳುತ್ತಾರೆ. "ಬಡವ, ದಯೆ ಇರಲಿ" ಎಂದಷ್ಟೇ ಹೇಳಿ ಕುಳಿತರೆ ಕಕ್ಷಿದಾರನಿಗೆ ಅನ್ಯಾಯವಾದಂತೆ. ದಯೆ ಬೇಡುವ ಬದಲು, ಈ ಶಿಕ್ಷೆಯಿಂದ ಏನು ಸಾಧಿಸಬೇಕು ಎಂಬುದನ್ನು ಕೋರ್ಟಿನ ಮುಂದಿಡಿ.

ಗೋಕಾಕ ಕಡೆಯ ಹೊಲವೊಂದರಲ್ಲಿ ಬೋರಿನ ಕೇಬಲ್ ಕದ್ದ ಯುವಕನ ಖಟ್ಲೆ ತೆಗೆದುಕೊಳ್ಳಿ. ಮೊದಲು ಕೃತ್ಯದ ತಾರೀಖು ನೋಡಿ. 2024ರ ಜುಲೈ 1ರದ್ದು ಅಥವಾ ಅದರ ನಂತರದ್ದಾದರೆ ಭಾರತೀಯ ನ್ಯಾಯ ಸಂಹಿತೆಯ 303(2), ಅಂದರೆ ಕಳವಿನ ಶಿಕ್ಷೆಯ ಕಲಂ, ಅನ್ವಯಿಸುತ್ತದೆ. ಮಾಲಿನ ಬೆಲೆ 5,000 ರೂಪಾಯಿಯ ಒಳಗಿದ್ದು, ಮೊದಲ ಬಾರಿ ಅಪರಾಧಿಯಾಗಿ, ಮಾಲು ಅಥವಾ ಅದರ ಬೆಲೆ ಹಿಂತಿರುಗಿಸಿದರೆ ಸಮುದಾಯ ಸೇವೆಯೇ ಶಿಕ್ಷೆ. ತಾಮ್ರದ ಕೇಬಲ್ ಅಷ್ಟಕ್ಕೆ ನಿಲ್ಲುವುದು ಅಪರೂಪ.

ಆಗ 1958ರ ಅಪರಾಧಿಗಳ ಪರಿವೀಕ್ಷಣಾ (ಪ್ರೊಬೇಷನ್) ಕಾಯ್ದೆ ಕೈಗೆತ್ತಿಕೊಳ್ಳಿ. ಜೈಲಿಗೆ ಕಳಿಸುವ ಬದಲು, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವುದೇ ಪರಿವೀಕ್ಷಣೆ. ವಯಸ್ಸು 21ರೊಳಗಿದ್ದರೆ 6ನೇ ಕಲಂ ಪ್ರಕಾರ ಜೈಲೇ ಅಪವಾದ. ಪರಿವೀಕ್ಷಣಾಧಿಕಾರಿಯ ವರದಿ ತರಿಸಲೇಬೇಕು. ಲೆಕ್ಕಕ್ಕೆ ಬರುವುದು ಕದ್ದ ದಿನದ ವಯಸ್ಸಲ್ಲ, ಶಿಕ್ಷೆ ವಿಧಿಸುವ ದಿನದ್ದು. ಇಲ್ಲೇ ಹಲವರು ಎಡವುತ್ತಾರೆ. ಶಾಲಾ ದಾಖಲೆ ಲಗತ್ತಿಸಿ, ವರದಿಗಾಗಿ ಲಿಖಿತ ಅರ್ಜಿಯನ್ನೇ ಕೊಡಿ. 21 ದಾಟಿದ್ದರೆ 4ನೇ ಕಲಂ ಉಂಟು, ಆದರೆ ಅದು ಕೋರ್ಟಿನ ವಿವೇಚನೆ.

"ಕೇಬಲ್ ಕಳವು ಹೆಚ್ಚಾಗಿದೆ, ಉಳಿದವರಿಗೂ ಹೆದರಿಕೆ ಹುಟ್ಟಬೇಕು" ಎಂದು ಸರ್ಕಾರಿ ವಕೀಲರು ಹೇಳುತ್ತಾರೆ. ಈ ಮಾತನ್ನು ಅಲ್ಲಗಳೆಯಬೇಡಿ. ಶಿಕ್ಷೆ ಎಷ್ಟು ದೀರ್ಘ ಎಂಬುದಕ್ಕಿಂತ ಸಿಕ್ಕೇಬೀಳುತ್ತೇನೆ ಎಂಬ ಖಾತ್ರಿಯೇ ಹೆಚ್ಚು ತಡೆಯುತ್ತದೆ; ಇವನು ಸಿಕ್ಕಿದ್ದಾನೆ, ಅಪರಾಧಿಯೂ ಆಗಿದ್ದಾನೆ. 3 ವರ್ಷದವರೆಗಿನ ಮುಚ್ಚಳಿಕೆ ಮುರಿದರೆ 9ನೇ ಕಲಂ ಅಡಿ ಮೂಲ ಅಪರಾಧಕ್ಕೇ ಶಿಕ್ಷೆ ವಿಧಿಸಬಹುದು. ತಲೆಯ ಮೇಲೆ ಆ ಕತ್ತಿ ತೂಗುತ್ತಿರುತ್ತದೆ.

ರೈತನನ್ನು ಮಾತ್ರ ಮರೆಯಬೇಡಿ. ಕೇಬಲ್ ಇಲ್ಲದೆ ಕಬ್ಬು ಒಣಗಿದ ನಷ್ಟ ಅವನದು. ಮಾಡಿದ್ದಕ್ಕೆ ತಕ್ಕ ಬೆಲೆ ತೆರಬೇಕೆಂಬ ಪ್ರತೀಕಾರದ ತತ್ವವೂ, ನಷ್ಟ ತುಂಬಿಕೊಡಬೇಕೆಂಬ ಪರಿಹಾರದ ತತ್ವವೂ ಕೂಡುವುದು ಇಲ್ಲಿ. 5ನೇ ಕಲಂ ಪ್ರಕಾರ ಪರಿಹಾರ ಕೊಡಿಸಬಹುದು. ಮನೆಯವರ ಜೊತೆ ಮೊದಲೇ ಮಾತಾಡಿ ಹಣ ಸಿದ್ಧವಿಡಿ. ಬರಿಗೈಯಲ್ಲಿ ನಿಂತು ಹೇಳುವ ಪಶ್ಚಾತ್ತಾಪಕ್ಕೆ ತೂಕವಿಲ್ಲ.

ಮೇಲಿಂದ ಮೇಲೆ ಅದೇ ಅಪರಾಧ ಮಾಡಿದವನಾದರೆ ಸುಧಾರಣೆಯ ವಾದ ನಿಲ್ಲದು. ಆಗ ಅವಧಿ ಕಡಿಮೆ ಮಾಡಿಸಲು ಯತ್ನಿಸಿ, ಹಿಂಡಲಗಾ ಜೈಲಿನಲ್ಲಿ ವಿಚಾರಣಾ ಕೈದಿಯಾಗಿ ಕಳೆದ ದಿನಗಳನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ಖಟ್ಲೆ ನಡೆಸುವ ವಿಧಾನದ ಕಾನೂನು) 468ರಡಿ ಶಿಕ್ಷೆಯ ಅವಧಿಯಲ್ಲಿ ವಜಾ ಮಾಡಿಸಿ.

ಪರಿವೀಕ್ಷಣೆ ಸಿಗುವಂತಿದ್ದರೂ ಮುಚ್ಚಳಿಕೆ ಕೆಡುವುದು ಕಾಯಂ ವಿಳಾಸ ಇಲ್ಲದಿದ್ದಾಗ. ಇಂಡಿ, ಸಿಂದಗಿ ಕಡೆಯಿಂದ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವವನಾದರೆ, ಕೋರ್ಟಿನ ವ್ಯಾಪ್ತಿಯಲ್ಲೇ ಮನೆ ಅಥವಾ ಕಾಯಂ ಕೆಲಸ ಇರುವ ಜಾಮೀನುದಾರನನ್ನು ಕರೆತನ್ನಿ.

ಕೋರ್ಟು ಪರಿವೀಕ್ಷಣೆಗೆ ಒಪ್ಪದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 402ನೇ ಕಲಂ ಪ್ರಕಾರ ವಿಶೇಷ ಕಾರಣ ದಾಖಲಿಸುವಂತೆ ಕೇಳಿ. ಕಾರಣ ಬರೆಯದ ಆದೇಶ ಮೇಲ್ಮನವಿಯಲ್ಲಿ ನಿಮ್ಮ ಕೈ ಹಿಡಿಯುತ್ತದೆ. ಅಲ್ಲಿಯೂ ಪರಿವೀಕ್ಷಣೆ ಕೇಳಲು 1958ರ ಕಾಯ್ದೆಯ 11ನೇ ಕಲಂನಲ್ಲಿ ಅವಕಾಶವಿದೆ.