ಸುಗ್ಗಿಯ ಕೂಲಿ ಲೆಕ್ಕ ಬರೆದಿದ್ದನ್ನೂ ರೆಸ್ಯೂಮ್‌ಗೆ ಹಾಕಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ನಮ್ಮ ಹುಡುಗ ಹುಡುಗಿಯರ ರೆಸ್ಯೂಮ್ ನೋಡಿದಾಗ ಬೇಜಾರಾಗುವುದು ಒಂದೇ ವಿಷಯಕ್ಕೆ. ಮಾಡಿದ ಕೆಲಸವನ್ನೇ ಬಿಟ್ಟಿರುತ್ತಾರೆ. ಅಪ್ಪನ ಹೆಸರು, ಜಾತಿ, ಮದುವೆ ಆಗಿದೆಯೋ ಇಲ್ಲವೋ, ಹವ್ಯಾಸ ಕ್ರಿಕೆಟ್, ಕೊನೆಗೆ ‘ಮೇಲಿನದ್ದೆಲ್ಲ ಸತ್ಯ’ ಅನ್ನುವ ಘೋಷಣೆ, ಅದರ ಕೆಳಗೆ ಸಹಿ, ಇಷ್ಟಕ್ಕೇ ಅರ್ಧ ಪುಟ ಹೋಯ್ತು. ಖಾಸಗಿ ಕಂಪನಿಗೆ ಇದ್ಯಾವುದೂ ಬೇಡ. ಆಧಾರ್ ನಂಬರಂತೂ ಹಾಕಲೇಬೇಡಿ.

ಅನುಭವದ ಜಾಗದಲ್ಲಿ ಮಾತ್ರ ‘ಫ್ರೆಶರ್’ ಎಂಬ ಒಂದೇ ಪದ. ಹಾಗೆ ಬರೆದ ಒಬ್ಬ ಹುಡುಗಿಯನ್ನು ಮಾತಾಡಿಸಿ ನೋಡಿ, ಬಿ.ಕಾಂ ಓದುತ್ತಲೇ ಅಡಿಕೆ ಸುಲಿಯುವವರ ಕೂಲಿ ಲೆಕ್ಕವನ್ನೆಲ್ಲ ತಾನೇ ಬರೆದಿರುತ್ತಾಳೆ. ಇನ್ನೊಬ್ಬ ಹುಡುಗ ತನ್ನ ಚಿಕ್ಕಪ್ಪನ ಹೋಂಸ್ಟೇ ಬುಕಿಂಗ್ ನೋಡಿಕೊಂಡಿರುತ್ತಾನೆ. ಅದೂ ಕೆಲಸವೇ ಅಲ್ವಾ? ಬರೆಯಿರಿ.

ಆದರೆ ‘ಮನೆ ಕೆಲಸದಲ್ಲಿ ಸಹಾಯ’ ಎಂದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ‘ಎರಡು ಸುಗ್ಗಿ, 12 ಜನರ ವಾರದ ಕೂಲಿ ಎಕ್ಸೆಲ್‌ನಲ್ಲಿ, ಮಂಡಿ ಲೆಕ್ಕದ ಜೊತೆ ತಾಳೆ’ ಎಂದು ಬರೆದರೆ ಅಕೌಂಟ್ಸ್ ಕೆಲಸಕ್ಕೆ ಜನ ಹುಡುಕುವವರು ಅಲ್ಲೇ ನಿಂತು ಇನ್ನೊಮ್ಮೆ ಓದುತ್ತಾರೆ. ಸಂಖ್ಯೆ ನಿಜದ್ದೇ ಇರಲಿ. ಇಂಟರ್‌ವ್ಯೂನಲ್ಲಿ ಪ್ರಶ್ನೆ ಬರುವುದೇ ಅದರ ಮೇಲೆ.

ಒಂದೇ ಪ್ರತಿಯನ್ನು ಎಲ್ಲ ಕಡೆ ಕಳಿಸಬೇಡಿ. ಐಟಿಐ ಫಿಟ್ಟರ್ ಮುಗಿಸಿ ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿಯ ಫೌಂಡ್ರಿಗೆ (ಲೋಹದ ಎರಕದ ಕಾರ್ಖಾನೆಗೆ) ಹಾಕುತ್ತಿದ್ದರೆ ಯಾವ ಮಷೀನ್ ಮೇಲೆ ಕೆಲಸ ಮಾಡಿದ್ದೀರಿ, ವರ್ನಿಯರ್, ಮೈಕ್ರೋಮೀಟರ್‌ನಲ್ಲಿ ಅಳತೆ ತೆಗೆಯಲು ಬರುತ್ತದೆಯೇ, ಡ್ರಾಯಿಂಗ್ ಓದಲು ಬರುತ್ತದೆಯೇ ಎನ್ನುವುದು ಮೇಲೆ ಬರಲಿ. ಬೆಂಗಳೂರಿನ ಸರ್ವಿಸ್ ಸೆಂಟರ್‌ಗೆ ಹಾಕುವಾಗ ಗಿರಾಕಿಗಳ ಜೊತೆ ಮಾತಾಡಿದ ಅನುಭವ ಮೇಲಕ್ಕೆ. ಜಾಹೀರಾತಿನಲ್ಲಿ ಕೇಳಿದ ಕೆಲಸ ನಿಮಗೆ ನಿಜವಾಗಿ ಬರುವುದಾದರೆ ಅವರ ಪದವನ್ನೇ ಬಳಸಿ, ಯಾಕೆಂದರೆ ಎಷ್ಟೋ ದೊಡ್ಡ ಕಂಪನಿಗಳಲ್ಲಿ ಮೊದಲು ಓದುವುದು ಸಾಫ್ಟ್‌ವೇರ್. ಎರಡು ಕಾಲಂ, ಡಬ್ಬಿ, ಬಣ್ಣದ ಡಿಸೈನ್ ಇದ್ದರೆ ಅದಕ್ಕೆ ಓದಲು ಕಷ್ಟ. ಸಾದಾ ಒಂದು ಪುಟ, ಪಿಡಿಎಫ್‌ನಲ್ಲಿ, ಸಾಕು.

ಸೈಬರ್ ಸೆಂಟರ್‌ನಲ್ಲಿ ಮಾಡಿಸುವವರು ಹುಷಾರು. ಬೇರೆಯವರ ಹಳೇ ಫೈಲ್‌ನಲ್ಲೇ ಹೆಸರು ಬದಲಿಸಿ ಕೊಡುವುದುಂಟು, ಆಗ ಅವರ ಇಮೇಲ್ ನಿಮ್ಮ ಹೆಸರಿನ ಕೆಳಗೇ ಉಳಿದಿರುತ್ತದೆ. ಕನ್ನಡದಲ್ಲಿ ಟೈಪ್ ಮಾಡಿಸಿದರೆ, ಬೇರೆ ಕಂಪ್ಯೂಟರ್‌ಗಳಲ್ಲೂ ಓದಲು ಬರುವ ಯೂನಿಕೋಡ್ ಅಕ್ಷರವನ್ನೇ ಕೇಳಿ. ಹಳೇ ನುಡಿ ಫಾಂಟ್‌ನ ವರ್ಡ್ ಫೈಲ್, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಓದಲು ಬರುವುದಿಲ್ಲ.

ಇನ್ನು ಫೋನ್ ನಂಬರ್. ಮಳೆಗಾಲದಲ್ಲಿ ಕರೆಂಟ್ ಹೋದರೆ ನಮ್ಮಲ್ಲಿ ಟವರೂ ಹೋಗುತ್ತದೆ, ಕಂಪನಿಯವರು ಎರಡು ಸಲ ಮಾಡಿ ಮುಂದಿನವರನ್ನು ಕರೆಯುತ್ತಾರೆ. ಹಾಗಾಗಿ ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಇರುವ ಅಕ್ಕನದ್ದೋ ಭಾವನದ್ದೋ ಇನ್ನೊಂದು ನಂಬರ್ ಕೊಡಿ. ಯಾವ ಕಂಪನಿಗೆ, ಯಾವ ಕೆಲಸಕ್ಕೆ ಹಾಕಿದ್ದೀರಿ ಅಂತ ಅವರಿಗೂ ಮೊದಲೇ ಹೇಳಿಟ್ಟಿರಿ.