ಒಂದೊಂದೇ ದಿನ ಬರುವ ಮಳೆ ರಜೆ

ಮಳೆ ರಜೆಯ ತೊಂದರೆ ಏನಂದ್ರೆ, ಅದು ಒಂದೊಂದೇ ದಿನವಾಗಿ ಬರುತ್ತೆ. ಬೇಸಿಗೆ ರಜೆ, ದಸರಾ ರಜೆ ಇಷ್ಟು ದಿನ ಅಂತ ಮೊದಲೇ ಗೊತ್ತಿರುತ್ತೆ, ಮಕ್ಕಳನ್ನ ಅಜ್ಜಿ ಊರಿನ ಬಸ್ ಹತ್ತಿಸಬಹುದು. ಇದು ಹಂಗಲ್ಲ. ರಾತ್ರಿ ಊಟದ ಹೊತ್ತಿಗೆ 'ನಾಳೆ ಒಂದು ದಿನ ಮಾತ್ರ' ಅಂತ ಜಿಲ್ಲಾಧಿಕಾರಿಗಳ ಆದೇಶ ವಾಟ್ಸಾಪಿಗೆ ಬೀಳುತ್ತೆ. ಮರುದಿನ ರಾತ್ರಿ ಅದೇ ಮಾತು, ತಾರೀಖು ಮಾತ್ರ ಬೇರೆ. ಒಂದು ಆಷಾಢದಲ್ಲಿ ಹಿಂಗೇ ಆಗಿ, ನಡುವೆ ಮೊಹರಂ, ಭಾನುವಾರ ಎಲ್ಲ ಸೇರಿಕೊಂಡು ಮಕ್ಕಳು ವಾರ ದಾಟಿದರೂ ಮನೆಯಲ್ಲೇ ಉಳಿದರು. ಆಗ ನಾವು ಹೆಂಗೆ ದಿನ ತಳ್ಳಿದ್ವಿ, ಅದರಲ್ಲಿ ಯಾವುದು ಈಗಲೂ ನಡೆಸ್ಕೊಂಡು ಬರ್ತಿದೀವಿ ಅನ್ನೋದನ್ನ ಬರೀತಿದೀನಿ.

ನಾನು ದಾವಣಗೆರೆಯಲ್ಲಿ ಮನೆಯಲ್ಲೇ ಕೂತು ಬ್ಲೌಸ್ ಹೊಲಿಯುವವಳು. ಹಾಲು, ಅಡುಗೆಮನೆ, ಒಂದು ರೂಮಿನ ಬಾಡಿಗೆ ಮನೆ, ಹೊಲಿಗೆ ಮಷೀನು ಹಾಲಿನ ಕಿಟಕಿ ಪಕ್ಕ. ಮಗಳು ಆರನೇ ಕ್ಲಾಸು, ಮಗ ಎರಡನೇ ಕ್ಲಾಸು, ಜೊತೆಗೆ ಅತ್ತೆ. ಗಂಡ ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೀತಾರೆ, ಮಳೆ ಬಂತು ಅಂತ ಅಂಗಡಿ ಮುಚ್ಚಲ್ಲ. ಮೇಲಿನ ಮನೆಯವರು ಆಸ್ಪತ್ರೆಯಲ್ಲಿ ನರ್ಸು. ಅವರಿಗೂ ರಜೆ ಇಲ್ಲ, ಹಂಗಾಗಿ ಅವರ ಹುಡುಗನೂ ನಮ್ಮ ಲೆಕ್ಕಕ್ಕೇ. ಅದಕ್ಕೆ ಬದಲಾಗಿ ಅವರ ನೈಟ್ ಡ್ಯೂಟಿ ಮುಗಿದ ದಿನ, ಒಂದು ನಿದ್ದೆ ತೆಗೆದು ಎದ್ದಮೇಲೆ, ಮಧ್ಯಾಹ್ನ ಮೂರೂ ಜನ ಅವರ ಮನೆಗೆ. ಇದನ್ನ ಬಾಯಿಬಿಟ್ಟು ಮಾತಾಡಿಕೊಂಡಿದ್ದು ಒಳ್ಳೇದಾಯ್ತು. 'ನೋಡ್ಕೊಳ್ಳಿ ಅಕ್ಕಾ' ಅಂತ ಹೇಳಿ ಹೋಗೋ ಸಂಬಂಧ ಎರಡು ದಿನಕ್ಕೆ ಹಳಸಿಬಿಡುತ್ತೆ.

ನನ್ನ ತವರು ಹಿರಿಯೂರು ಕಡೆ. ಅಲ್ಲಿನ ಮಾರಿಕಣಿವೆ ಡ್ಯಾಂ 1933ರಲ್ಲಿ ಕೋಡಿ ಬಿದ್ದಿದ್ದು ಬಿಟ್ರೆ ಮತ್ತೆ ಬಿದ್ದಿದ್ದು 2022ರಲ್ಲೇ. ಅಂಥ ಸೀಮೆಯಲ್ಲಿ ಬೆಳೆದ ನನಗೆ ಮಳೆಗೆ ಶಾಲೆ ಮುಚ್ಚುತ್ತಾರೆ ಅನ್ನೋದೇ ಮದುವೆ ಆಗಿ ಇಲ್ಲಿಗೆ ಬಂದಮೇಲೆ ಗೊತ್ತಾಗಿದ್ದು. ದಾವಣಗೆರೆ ಏನೂ ಮಲೆನಾಡಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟೋ ಮಳೆ ಇಲ್ಲಿ 650ರ ಆಸುಪಾಸು. ಆದರೆ ಒಂದೇ ಜಿಲ್ಲೆಯೊಳಗೆ ನ್ಯಾಮತಿ, ಹೊನ್ನಾಳಿ ಮಲೆನಾಡಿನ ಸೆರಗಿಗೆ ಅಂಟಿಕೊಂಡಿವೆ, ಜಗಳೂರು ಬರಕ್ಕೆ ಹೆಸರಾದ ತಾಲ್ಲೂಕು. ಮೇಲೆ ತೀರ್ಥಹಳ್ಳಿ, ಶೃಂಗೇರಿ ಕಡೆ ಹೊಡೆದರೆ ಇಲ್ಲಿ ಜಿಟಿಜಿಟಿ ಹಿಡ್ಕೊಳ್ಳುತ್ತೆ. ಹಳೇ ಶಾಲೆಗಳ ಚಾವಣಿ ಸೋರುತ್ತೆ, ಗೋಡೆ ನೆನೆದು ನಿಲ್ಲುತ್ತೆ. ರಜೆ ಕೊಡೋದು ಅದಕ್ಕೇ, ನಮಗೆ ಕಿಟಕಿಯಿಂದ ಕಾಣೋ ಮಳೆಯ ಜೋರು ನೋಡಿ ಅಲ್ಲ.

ರಾತ್ರಿ ಬರುವ ಆದೇಶವನ್ನ ಓದೋಕೆ ಕಲೀಬೇಕು. ಹೋದ ವರ್ಷದ್ದು, ಪಕ್ಕದ ಜಿಲ್ಲೆಯದ್ದು, ತಾರೀಖು ತಿದ್ದಿದ್ದು, ಎಲ್ಲಾ ಓಡಾಡ್ತವೆ. ನಾನು ನೋಡೋದು ತಾರೀಖು, ತಾಲ್ಲೂಕಿನ ಹೆಸರು, ಅಂಗನವಾಡಿಯಿಂದ ಎಲ್ಲಿವರೆಗೆ ಅನ್ನೋದು. ಇಷ್ಟು ನೋಡಿ, ಶಾಲೆಯ ಗ್ರೂಪಿನಲ್ಲಿ ಟೀಚರ್ ಹಾಕೋವರೆಗೂ ಮಕ್ಕಳಿಗೆ ಹೇಳಲ್ಲ. ಬ್ಯಾಗು ಜೋಡಿಸಿಟ್ಟೇ ಮಲಗೋದು. ರಜೆ ಆದರೂ ಬ್ಯಾಗು ಜೋಡಿಸಿದ್ದು ದಂಡವೇನಲ್ಲ.

ಇನ್ನು ಟೈಮ್‌ಟೇಬಲ್. ಹಾಕಬೇಡಿ ಅನ್ನೋದು ನನ್ನ ಅಭಿಪ್ರಾಯ. ಒಂಬತ್ತಕ್ಕೆ ಗಣಿತ, ಹತ್ತಕ್ಕೆ ಡ್ರಾಯಿಂಗು ಅಂತ ಬರೆದು ಗೋಡೆಗೆ ಅಂಟಿಸಿದರೆ ಅದನ್ನ ಕಾಯೋ ಪೊಲೀಸು ನಾವೇ ಆಗಬೇಕು, ನಮ್ಮ ಕೆಲಸ ಅಲ್ಲಿಗೆ ನಿಂತಂಗೆ. ನಾಳೆ ಶಾಲೆ ಇರುತ್ತೋ ಇಲ್ಲವೋ ಗೊತ್ತಿಲ್ಲದಾಗ ಬೇಕಾಗಿರೋದು, ಎಲ್ಲಿ ಬೇಕಾದರೂ ನಿಲ್ಲಿಸಿ ಮತ್ತೆ ಅಲ್ಲಿಂದಲೇ ಹಿಡಿಯಬಹುದಾದ ಕೆಲಸ. ಬೆಳಿಗ್ಗೆ ಏಳೋದು, ಸ್ನಾನ, ತಿಂಡಿ ಮಾತ್ರ ಶಾಲೆ ದಿನದ ಹೊತ್ತಿಗೇ. ಉಳಿದಿದ್ದೆಲ್ಲ ಮಳೆ ಮತ್ತು ಕರೆಂಟು ಹೇಳಿದಂಗೆ.

ಅಂಥ ಕೆಲಸ ನನ್ನ ಮನೆಯಲ್ಲಿ ಮೊದಲೇ ಇತ್ತು: ಹುಕ್ಕು. ಆಷಾಢದಲ್ಲಿ ಮದುವೆ ಇಲ್ಲ, ಹೊಲಿಗೆ ಕಮ್ಮಿ ಅಂತ ಹೊರಗಿನವರು ತಿಳ್ಕೊಂಡಿರ್ತಾರೆ. ಶ್ರಾವಣ ಹುಟ್ಟಿದ ತಕ್ಷಣ ವರಮಹಾಲಕ್ಷ್ಮಿ, ಆಮೇಲೆ ಗೌರಿ. ಅವುಗಳ ಬಟ್ಟೆ ಬರೋದು ಆಷಾಢದ ಕೊನೆಯಲ್ಲೇ. ಮಗಳಿಗೆ ಹುಕ್ಕು ಹಾಕೋದು ಹೇಳಿಕೊಟ್ಟೆ. ದಾರ ಎರಡೆಳೆ, ತುದಿಯಲ್ಲಿ ಸಣ್ಣ ಗಂಟು. ಹುಕ್ಕಿಗೆ ಎರಡು ಕಿವಿ ಇರ್ತವಲ್ಲ, ಒಂದೊಂದಕ್ಕೂ ಮೂರು ಸುತ್ತು. ಅಲ್ಲಿಗೇ ದಾರ ಕಡಿಯೋದಲ್ಲ. ಸೂಜಿಯನ್ನ ಬಟ್ಟೆಯೊಳಗಿಂದಲೇ ಮುಂದಕ್ಕೆ ಜಾರಿಸಿ, ಹುಕ್ಕಿನ ಕುತ್ತಿಗೆ ಕೆಳಗೆ ಇನ್ನೆರಡು ಸುತ್ತು ಹಾಕಬೇಕು. ಅದು ಹಾಕದಿದ್ರೆ ಹುಕ್ಕು ತಲೆ ಎತ್ತುತ್ತೆ, ಬ್ಲೌಸಿನ ಮುಂಭಾಗ ಬಾಯಿ ಬಿಟ್ಟಂಗೆ ಕಾಣುತ್ತೆ. ಸೂಜಿ ಮೇಲಿನ ಪದರದಲ್ಲಷ್ಟೇ ಓಡಬೇಕು, ಬಟ್ಟೆಯ ಹೊರಮೈ ಮೇಲೆ ಒಂದು ಚುಕ್ಕಿಯೂ ಕಾಣಬಾರದು. ಶುರುವಿನಲ್ಲಿ ಹಳೇ ತುಂಡು ಬಟ್ಟೆ ಮೇಲೆ ಕೂರಿಸಿದೆ, ಕೈ ಕೂತಮೇಲೆ ಗಿರಾಕಿ ಬಟ್ಟೆ. ಹುಕ್ಕಿಗೆ ಒಂದು ರೂಪಾಯಿ ಅಂತ ಮಾತಾಯ್ತು. ಲೆಕ್ಕದ ಪುಸ್ತಕ ಅವಳದೇ. ಮಳೆ ಮುಗಿಯೋ ಹೊತ್ತಿಗೆ ರೇಟು ಹೆಚ್ಚು ಮಾಡು ಅಂತ ಅಪ್ಪನ ಮೂಲಕ ಅರ್ಜಿ ಬಂತು.

ಮಗನಿಗೆ ಹಾಳಾದ ಸ್ಪೀಕರಿನ ಅಯಸ್ಕಾಂತ ಕೊಟ್ಟು, ಮಷೀನಿನ ಸುತ್ತ ಬಿದ್ದ ಗುಂಡುಸೂಜಿ ಆರಿಸೋ ಕೆಲಸ. ಮೇಲಿನ ಮನೆ ಹುಡುಗನಿಗೆ ದಾರದ ರೀಲುಗಳನ್ನ ಬಣ್ಣದ ಪ್ರಕಾರ ಜೋಡಿಸೋದು. ತಿಳಿ ಹಸಿರು ಎಲ್ಲಿ ಮುಗೀತು, ಗಿಣಿ ಹಸಿರು ಎಲ್ಲಿಂದ ಶುರು ಅಂತ ಅವರಿಬ್ಬರಲ್ಲಿ ಅರ್ಧ ದಿನ ಜಗಳ. ಇಂಥ ಜಗಳ ನನಗೆ ತೊಂದರೆಯಿಲ್ಲ, ಕೈ ಕೆಲಸ ಮಾಡ್ತಿರುತ್ತೆ, ಬಾಯಿ ಮಾತ್ರ ಆಡ್ತಿರುತ್ತೆ.

ಮಳೆಯಲ್ಲಿ ನಿಜವಾದ ಕಷ್ಟ ಬಟ್ಟೆ ಒಣಗಿಸೋದು. ಕಾಟನ್ ಲೈನಿಂಗನ್ನ ಕತ್ತರಿಸೋ ಮೊದಲು ನೀರಲ್ಲಿ ನೆನೆಸಿ ಒಣಗಿಸಲೇಬೇಕು. ಇಲ್ಲಾಂದ್ರೆ ಗಿರಾಕಿ ಮೊದಲ ಸಲ ಒಗೆದಾಗ ಲೈನಿಂಗು ಕುಗ್ಗಿ ಬ್ಲೌಸು ಸುಕ್ಕು ಹಿಡಿಯುತ್ತೆ. ಬಿಸಿಲಿದ್ರೆ ಒಂದು ಗಂಟೆಯ ಕೆಲಸ. ಆ ವಾರ ಹಾಲಿನ ಈ ಗೋಡೆಯಿಂದ ಆ ಗೋಡೆಗೆ ಎರಡು ಸಾಲು ಹಗ್ಗ ಕಟ್ಟಿ, ಒಂದರ ಮೇಲೆ ಲೈನಿಂಗು, ಒಂದರ ಮೇಲೆ ಯೂನಿಫಾರ್ಮು. ಹಗ್ಗಗಳ ನಡುವೆ ಮೊಳದಷ್ಟು ಜಾಗ ಬಿಡಬೇಕು, ಗಾಳಿ ಆಡದಿದ್ರೆ ಬಟ್ಟೆ ಒಣಗೋದಿಲ್ಲ, ಮುಗ್ಗಲು ವಾಸನೆ ಬರುತ್ತೆ. ಹಿಂಡಿದ ಬಟ್ಟೆಯನ್ನ ಒಣ ಟವೆಲಿನಲ್ಲಿ ಸುರುಳಿ ಸುತ್ತಿ, ಅದರ ಮೇಲೆ ಮಕ್ಕಳನ್ನ ನಿಲ್ಲಿಸಿ ತುಳಿಸಿದರೆ ಇರೋ ಅರ್ಧ ನೀರು ಟವೆಲಿಗೆ ಹೋಗುತ್ತೆ. ಇದಂತೂ ಅವರಿಗೆ ಆಟ. ಆಮೇಲೆ ಕರೆಂಟಿದ್ದಾಗ ಫ್ಯಾನು, ಅರೆ ಒದ್ದೆ ಇರುವಾಗಲೇ ಇಸ್ತ್ರಿ. ರಜೆಯಲ್ಲಿ ಯೂನಿಫಾರ್ಮ್ ಯಾಕೆ ಅಂತೀರಾ? ನಾಳೆ ಶಾಲೆ ಇದ್ದರೆ? ಅದೇ ಕತೆ, ಒಂದೊಂದೇ ದಿನದ್ದು.

ಕರೆಂಟು ಹೋದರೆ ಮೋಟರಿನ ಬೆಲ್ಟು ಬಿಚ್ಚಿ ಪೆಡಲಿಗೆ ಬರ್ತೀನಿ. ಮೋಟರು ಹಾಕಿಸಿದಾಗ ಪೆಡಲು ತೆಗೆದುಬಿಡಿ ಅಂದಿದ್ರು, ನಾನು ತೆಗೆಸಿರಲಿಲ್ಲ.

ಊಟ ತಿಂಡಿ ಬಗ್ಗೆ ಒಂದೆರಡು ಮಾತು. ದಾವಣಗೆರೆಯಲ್ಲಿ ಮಕ್ಕಳಿಗೆ ಹಸಿವಾದಾಗ ಕೈ ಹೋಗೋದು ಮಂಡಕ್ಕಿ ಡಬ್ಬಿಗೆ. ಜಡಿಮಳೆಯಲ್ಲಿ ಮಂಡಕ್ಕಿ ಒಂದೇ ದಿನಕ್ಕೆ ಮೆತ್ತಗಾಗುತ್ತೆ. ಮಂಡಕ್ಕಿ ಭಟ್ಟಿಯವರ ಪಾಡು ಇನ್ನೂ ಕಷ್ಟ. ಭತ್ತ ನೆನೆಸಿ, ಬೇಯಿಸಿ, ಬಯಲಲ್ಲಿ ಹರಡಿ ಒಣಗಿಸಿ, ಅಕ್ಕಿ ಮಾಡಿಸಿದ ಮೇಲೆ ತಾನೇ ಕಾದ ಮರಳಲ್ಲಿ ಹುರಿಯೋದು! ಬಿಸಿಲೇ ಇಲ್ಲದಿದ್ರೆ ಒಲೆ ಹೊತ್ತಿಸಿ ಏನು ಮಾಡ್ತಾರೆ? ಅಂಥ ವಾರದಲ್ಲಿ ಮನೆಯಲ್ಲಿರೋ ಮಂಡಕ್ಕಿಯನ್ನೇ ಕಾಪಾಡ್ಕೋಬೇಕು. ಮೆತ್ತಗಾಗಿದ್ದನ್ನ ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಎಣ್ಣೆಯಿಲ್ಲದೆ ಕೈಯಾಡಿಸ್ತಾ ಬೆಚ್ಚಗೆ ಮಾಡಿ, ಪೂರ್ತಿ ಆರಿದಮೇಲೆ ಡಬ್ಬಿಗೆ ಹಾಕಿದರೆ ಮತ್ತೆ ಗರಿಗರಿ. ಬಿಸಿಯಿದ್ದಾಗ ಮುಚ್ಚಿದರೆ ಒಳಗೇ ಬೆವೆತು ಮೊದಲಿಗಿಂತ ಕೆಡುತ್ತೆ. ಗರಿಯಾಗದಷ್ಟು ನೆನೆದಿದ್ದು ಒಗ್ಗರಣೆ ಮಂಡಕ್ಕಿಗೆ ಆಗುತ್ತೆ, ಅದನ್ನ ಹೆಂಗಿದ್ರೂ ನೀರಲ್ಲಿ ಅದ್ದಿ ಹಿಂಡೇ ಮಾಡೋದಲ್ವಾ! ಮೇಲೆ ಪುಟಾಣಿ ಹಿಟ್ಟು, ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ. ಇನ್ನೂ ಉಳಿದರೆ ದೋಸೆಗೆ ರುಬ್ಬೋದು. ನಮ್ಮ ಬೆಣ್ಣೆ ದೋಸೆ ಹಿಟ್ಟಿಗೆ ಮಂಡಕ್ಕಿ ಬೀಳುತ್ತೆ ಅಂತ ಹೊರ ಊರಿನವರಿಗೆ ಹೇಳಿದ್ರೆ ನಂಬಲ್ಲ. ಥಂಡಿಗೆ ಹಿಟ್ಟು ಹುಳಿ ಬರೋದಿಲ್ಲ ಅನ್ನೋದೊಂದು ರಗಳೆ. ಪಾತ್ರೆಗೆ ಹಳೇ ಕಂಬಳಿ ಸುತ್ತಿ ಒಲೆ ಕಟ್ಟೆ ಮೂಲೆಯಲ್ಲಿಟ್ಟು, ಮಾಮೂಲಿಗಿಂತ ನಾಲ್ಕು ಗಂಟೆ ಮೊದಲೇ ರುಬ್ಬಿದರೆ ಸರಿಹೋಗುತ್ತೆ.

ಮಧ್ಯಾಹ್ನದ ಮೇಲೆ ಜಗಳ ಏರುತ್ತೆ. ಮೂರು ಮಕ್ಕಳಿದ್ದಾಗ ಇಬ್ಬರು ಒಂದಾಗಿ ಒಬ್ಬನನ್ನ ಬಿಡೋದು ಖಾಯಂ. ಅದಕ್ಕೆ ನಾಲ್ಕನೆಯವರಾಗಿ ಅತ್ತೆಯನ್ನ ಕೂರಿಸಿ ಚೌಕಾಬಾರ. ನೆಲದ ಮೇಲೆ ಟೈಲರ್ ಚಾಕಿನಲ್ಲಿ ಐದು ಮನೆ ಉದ್ದ, ಐದು ಮನೆ ಅಗಲ. ಕವಡೆ ಬದಲು ಹುಣಸೆಬೀಜ ಒಂದು ಮಗ್ಗಲು ತೇಯ್ದಿದ್ದು, ನಾಲ್ಕು. ಎಲ್ಲವೂ ಬಿಳಿ ಬಿದ್ದರೆ ಚೌಕ, ಎಲ್ಲವೂ ಕಪ್ಪು ಬಿದ್ದರೆ ಬಾರ, ಎಂಟು ಮನೆ. ಈ ಆಟದ ಗುಣ ಏನಂದ್ರೆ ಅಡುಗೆಗೆ, ಊಟಕ್ಕೆ ಎದ್ದು ಹೋದರೂ ಕಾಯಿ ಅಲ್ಲೇ ಕಾಯ್ತಿರುತ್ತೆ, ಸಂಜೆ ಮತ್ತೆ ಮುಂದುವರಿಸಬಹುದು. ಅತ್ತೆ ಮೊಮ್ಮಕ್ಕಳ ಹತ್ತಿರ ಮೋಸ ಮಾಡ್ತಾರೆ, ಅದನ್ನ ಹಿಡಿಯೋದರಲ್ಲಿ ಮೂವರೂ ಒಂದಾಗ್ತಾರೆ. ಬೇಕಂತಲೇ ಮಾಡ್ತಾರೋ ಏನೋ, ಕೇಳಿಲ್ಲ.

ಮೊಬೈಲು ಕೊಡಲೇ ಇಲ್ಲ ಅಂತ ಹೇಳಲ್ಲ. ಊಟ ಆದಮೇಲೆ ನಾನು ಕಟಿಂಗ್ ಮಾಡೋ ಒಂದು ಗಂಟೆ, ಕತ್ತರಿ ಕೈಯಲ್ಲಿದ್ದಾಗ ಯಾರೂ ಹತ್ತಿರ ಬರಬಾರದು, ಆಗ ಮೊಬೈಲು. ಮುಂಚೆ ಕೊಟ್ಟರೆ ಇಡೀ ದಿನ ಅದರದೇ ಧ್ಯಾನ.

ಮಳೆ ಅಳೆಯೋದು ಮಗಳ ಐಡಿಯಾ. ಮೇಲಿಂದ ಕೆಳಗೆ ಒಂದೇ ಅಗಲ ಇರೋ ಚಪ್ಪಟೆ ತಳದ ಸ್ಟೀಲ್ ಡಬ್ಬಿಯನ್ನ ಟೆರೇಸಿನ ನಡುವೆ, ಗೋಡೆಯಿಂದ ದೂರ, ಎರಡು ಇಟ್ಟಿಗೆ ನಡುವೆ ಇಟ್ಟಳು. ಹವಾಮಾನ ಇಲಾಖೆಯವರು ಬೆಳಿಗ್ಗೆ 8:30ಕ್ಕೆ ಹಿಂದಿನ 24 ಗಂಟೆ ಮಳೆ ಲೆಕ್ಕ ಹಾಕೋದು, ಇವಳೂ ಅದೇ ಹೊತ್ತಿಗೆ ಸ್ಕೇಲು ಇಳಿಸೋದು. 64.5 ಮಿಲಿಮೀಟರ್ ದಾಟಿದರೆ ಇಲಾಖೆ ಲೆಕ್ಕದಲ್ಲಿ 'ಭಾರಿ ಮಳೆ'. ನಮ್ಮ ಡಬ್ಬಿಯಲ್ಲಿ ಅದರ ಅರ್ಧಕ್ಕೂ ಬರಲಿಲ್ಲ. 'ಹಂಗಾದ್ರೆ ನಮಗ್ಯಾಕಮ್ಮ ರಜೆ?' ಅಂತ ಮಗ ಕೇಳಿದ. ಅಕ್ಕ ಅವನ ಬಾಯಿ ಮುಚ್ಚಿದಳು.

ಆ ಪ್ರಶ್ನೆಗೆ ಉತ್ತರ ಭಾನುವಾರ ಸಿಕ್ಕಿತು. ಮಳೆ ತೆರಪು ಕೊಟ್ಟಾಗ ಅವರಪ್ಪ ಹರಿಹರಕ್ಕೆ ಕರ್ಕೊಂಡು ಹೋದರು. ಘಾಟಿನ ಹತ್ತಿರ ಇಳಿಯಲಿಲ್ಲ, ದೂರದಿಂದಲೇ ನೋಡಿದ್ದು. ತುಂಗಭದ್ರೆ ಕೆಂಪಗೆ, ದಡದ ಗಿಡಗಳು ತಲೆಮಟ್ಟ ಮುಳುಗಿ. ಗಾಜನೂರಿನ ತುಂಗಾ ಡ್ಯಾಂ ಚಿಕ್ಕದು, ಮೂರು ಟಿಎಂಸಿ ಚಿಲ್ಲರೆ, ಬೇಗ ತುಂಬಿ ಬಂದಷ್ಟು ನೀರನ್ನ ಹೊಳೆಗೆ ಬಿಡುತ್ತೆ. ಕೂಡ್ಲಿಯಲ್ಲಿ ಭದ್ರೆ ಸೇರಿಕೊಂಡು ಹೊನ್ನಾಳಿ ದಾಟಿ ಹರಿಹರಕ್ಕೆ. ನಮ್ಮ ಡಬ್ಬಿಯಲ್ಲಿ ಬೆರಳಷ್ಟು ನೀರಿದ್ದರೂ ಹೊಳೆಯಲ್ಲಿ ತೀರ್ಥಹಳ್ಳಿಯ ಮಳೆ ಹರೀತಿರುತ್ತೆ. 'ಆಶ್ಲೇಷ ಮಳೆ, ಈಸಲಾರದ ಹೊಳೆ' ಅಂತ ಅತ್ತೆ ಹೇಳ್ತಿದ್ದ ಗಾದೆ ಆಗ ಹುಡುಗರಿಗೆ ಅರ್ಥ ಆಯ್ತು, ಆಶ್ಲೇಷ ಇನ್ನೂ ಹುಟ್ಟಿರಲಿಲ್ಲ ಅನ್ನೋದು ಬೇರೆ ಮಾತು. ಮನೆಗೆ ಬಂದಮೇಲೆ ಕ್ಯಾಲೆಂಡರಿನಲ್ಲಿ ಭದ್ರಾ ಡ್ಯಾಂ ಮಟ್ಟ ಬರೆಯೋದೂ ಶುರು. 186 ಅಡಿ ಆದರೆ ತುಂಬಿದ ಹಾಗೆ. ಗಂಡನ ಊರಿನ ಗದ್ದೆ ಭದ್ರಾ ಕಾಲುವೆ ಕೆಳಗೆ, 2023ರ ಬರ ಕಂಡ ಮನೆ ಅದು. ಅಲ್ಲಿಂದ ಫೋನ್ ಬಂದರೆ ಆರೋಗ್ಯ ಕೇಳೋ ಮೊದಲು ಡ್ಯಾಂ ಎಷ್ಟಾಯ್ತು ಅಂತಾರೆ. ಆ ವಾರ ಉತ್ತರ ಹೇಳಿದ್ದು ಎರಡನೇ ಕ್ಲಾಸಿನವನು.

ಶಾಲೆ ಶುರುವಾದ ಮೇಲೆ ಬಿಟ್ಟುಹೋದ ಪಾಠಕ್ಕೆ ಶನಿವಾರ ಪೂರ್ತಿ ದಿನ ಕ್ಲಾಸು ಅಂತ ಬಂತು. ಮಕ್ಕಳು ಗೊಣಗಿದರು. ನನಗೆ ಶನಿವಾರ ಮಧ್ಯಾಹ್ನ ಖಾಲಿ ಸಿಕ್ಕಿದ್ದು ವರಮಹಾಲಕ್ಷ್ಮಿ ಆರ್ಡರಿಗೆ ಸರಿಹೋಯ್ತು. ಶೂ ಒಂದು ಜೊತೆ ಒಳಗೆ ಒಣಗದೆ ಹೋಗಿತ್ತು, ಪೇಪರ್ ಉಂಡೆ ತುರುಕಿ ಎರಡು ರಾತ್ರಿ ಇಟ್ಟೆ, ಬೆಳಿಗ್ಗೆ ಬೆಳಿಗ್ಗೆ ಪೇಪರ್ ಬದಲಿಸಿದೆ.

ಈಗ ಮೇ ತಿಂಗಳ ಬಿಸಿಲಲ್ಲೇ ಕೆಂಪು, ಮೆರೂನು, ಹಸಿರು, ಕಪ್ಪು, ಅರಿಶಿಣ, ಕೆನೆ ಬಣ್ಣದ ಲೈನಿಂಗು ಥಾನಿನಿಂದ ಕತ್ತರಿಸಿ ತಂದು, ನೆನೆಸಿ ಒಣಗಿಸಿ, ಮಡಚಿ ಟ್ರಂಕಿಗೆ ಹಾಕ್ತೀನಿ. ಬರೋ ಆರ್ಡರಿನಲ್ಲಿ ಮುಕ್ಕಾಲು ಪಾಲು ಇಷ್ಟರಲ್ಲೇ ಆಗುತ್ತೆ. ನವಿಲು ಬಣ್ಣ, ಈರುಳ್ಳಿ ಬಣ್ಣ ಬೇಕು ಅನ್ನೋರಿಗೆ ಬಿಸಿಲು ಬಂದಮೇಲೆ ಬನ್ನಿ ಅಂತೀನಿ. ಇಬ್ಬರು ಮೂವರು ಬೇರೆ ಕಡೆ ಹೋದರು, ಹೋಗಲಿ.